ಮಲಯಾಳಂ ಸಿನಿಮಾದಲ್ಲಿ ಊರು ಊರಿನ ಹಾಗೇ ಕಾಣುವುದು ಹೇಗೆ?

ಶಿಕಾರಿಪುರದವ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು.

ನನಗೆ ಮಲಯಾಳಂ ಬರುವುದಿಲ್ಲ. ಸಬ್‌ಟೈಟಲ್ ಇಟ್ಟುಕೊಂಡೇ ನೋಡುವವನು. ಹೋದ ವಾರ 'ಮಹೇಶಿಂಟೆ ಪ್ರತಿಕಾರಂ' ಮೂರನೇ ಸಲ ನೋಡಿದೆ. 2016ರ ಸಿನಿಮಾ. ಇಡುಕ್ಕಿ ಜಿಲ್ಲೆಯ ಪ್ರಕಾಶ್ ಎಂಬ ಪುಟ್ಟ ಪೇಟೆ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ಒಬ್ಬ ಸಾಧು ಮನುಷ್ಯ ಪೇಟೆ ನಡುವೆ ಎಲ್ಲರ ಎದುರು ಏಟು ತಿನ್ನುತ್ತಾನೆ. ತಿರುಗಿ ಹೊಡೆಯುವ ತನಕ ಕಾಲಿಗೆ ಚಪ್ಪಲಿ ಹಾಕಲ್ಲ ಅಂತ ಹಟ ಹಿಡಿಯುತ್ತಾನೆ. ಕಥೆ ಇಷ್ಟೇ. ಆದರೆ ಆ ಪೇಟೆ ಇದೆಯಲ್ಲ, ಅದು ನನಗೆ ಗೊತ್ತಿರುವ ಪೇಟೆ! ಜಗಳ ಬಿಡಿಸಲು ಬಂದು ತಾವೇ ಜಗಳಕ್ಕೆ ನಿಲ್ಲುವವರು, ಅಂಗಡಿ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುವವರು, ಎಲ್ಲ ನಮ್ಮೂರಿನವರೇ ಅನ್ನಿಸಿತು.

ನಾನು ಹುಟ್ಟಿ ಬೆಳೆದ ಕಡೆಯ ಕಥೆ ಕನ್ನಡ ಸಿನಿಮಾದಲ್ಲಿ ಬಂದಾಗ ಎಷ್ಟೋ ಸಲ ಇದು ನಮ್ಮೂರು ಅಂತ ಅನ್ನಿಸುವುದೇ ಇಲ್ಲ. ಇಡುಕ್ಕಿಗೆ ನಾನು ಕಾಲಿಟ್ಟವನಲ್ಲ, ಆದರೂ ಅದು ನಮ್ಮೂರು ಅನ್ನಿಸುತ್ತದೆ. ಯಾಕೆ ಹೀಗೆ? ಅವರ ಸಂಸ್ಕೃತಿಯೇ ಹಾಗಾ, ಅಥವಾ ಸಿನಿಮಾ ಮಾಡುವವರ ಕೈಚಳಕವಾ? ಬಲ್ಲವರು ಹೇಳಿ.

ಗಾಂಧಿನಗರ ಮ್ಯಾಟಿನಿ

ಬಜೆಟ್ ಕಮ್ಮಿ. ಸೆಟ್ ಹಾಕಲು ದುಡ್ಡಿಲ್ಲ. ಹಾಗಾಗಿ ಇರುವ ಊರಿನಲ್ಲೇ ತೆಗೆಯುತ್ತಾರೆ. ಅಷ್ಟೇ.

ಎರ್ನಾಕುಳಂ ಕನ್ನಡತಿ

ಗಾಂಧಿನಗರ ಅಣ್ಣಾ, ದುಡ್ಡಿನ ಮಾತು ಸ್ವಲ್ಪ ನಿಜ. ಆದರೆ ಅದೊಂದೇ ಅಲ್ಲ. ನಾನು ಮದುವೆಯಾಗಿ ಕೊಚ್ಚಿಗೆ ಬಂದು 14 ವರ್ಷ ಆಯಿತು. ಇಲ್ಲಿ ಸಿನಿಮಾ ನೋಡಿ ಹೊರಗೆ ಬಂದವರು ಮೊದಲು ಏನು ಮಾತಾಡುತ್ತಾರೆ ಗೊತ್ತಾ? "ಹೀರೋ ತ್ರಿಶೂರಿನವನು ಅಂತಾರೆ, ಮಾತು ತ್ರಿಶೂರಿನದಲ್ಲ." ಸಿನಿಮಾ ಎಷ್ಟೇ ಚೆನ್ನಾಗಿರಲಿ, ಮಾತು ತಪ್ಪಿದರೆ ಬಿಡುವುದಿಲ್ಲ.

ಒಂದೊಂದು ಜಿಲ್ಲೆಗೂ ಒಂದೊಂದು ಮಾತು. 2005ರ 'ರಾಜಮಾಣಿಕ್ಯಂ'ನಲ್ಲಿ ಮಮ್ಮೂಟಿ ತಿರುವನಂತಪುರದ ಕಡೆಯ ಮಾತಾಡಿದರು. ಜನ ಹುಚ್ಚೆದ್ದು ನೋಡಿದರು. 2010ರ 'ಪ್ರಾಂಚಿಯೇಟ್ಟನ್'ನಲ್ಲಿ ಅದೇ ಮಮ್ಮೂಟಿ ತ್ರಿಶೂರಿನ ಅಕ್ಕಿ ವ್ಯಾಪಾರಿ. ರಾಗ ಎಳೆದು ಆಡುವ ಆ ಮಾತು ಕೇಳಿದರೆ ನಮ್ಮ ಪಕ್ಕದ ಮನೆ ಅಮ್ಮಚ್ಚಿ ಈಗಲೂ ಕೆಲಸ ಬಿಟ್ಟು ಟೀವಿ ಮುಂದೆ ಕೂರುತ್ತಾರೆ. ಅವರ ತವರು ತ್ರಿಶೂರು.

ಕುಂಬಳಂಗಿ ನಮ್ಮ ಮನೆಯಿಂದ ದೂರವಿಲ್ಲ. 'ಕುಂಬಳಂಗಿ ನೈಟ್ಸ್'ನಲ್ಲಿ ರಾತ್ರಿ ಹಿನ್ನೀರು ನೀಲಿಯಾಗಿ ಮಿನುಗುವ ದೃಶ್ಯ ಇದೆಯಲ್ಲ, ಅದಕ್ಕೆ ಇಲ್ಲಿ 'ಕವರು' ಅಂತಾರೆ. ಸಿನಿಮಾದವರು ಹುಟ್ಟಿಸಿದ್ದಲ್ಲ. ನೀರಿನಲ್ಲಿರುವ ಸಣ್ಣ ಜೀವಿಗಳು ನೀರು ಕಲಕಿದಾಗ ಬೆಳಕು ಬಿಡುತ್ತವೆ. 2019ರಲ್ಲಿ ಸಿನಿಮಾ ಬಂದ ಮೇಲೆ ಅದನ್ನು ನೋಡಲೆಂದೇ ಜನ ಬರತೊಡಗಿದರು. ನಾವೂ ಒಂದು ರಾತ್ರಿ ಹೋಗಿದ್ದೆವು. ಮಗಳು ನೀರಿಗೆ ಕೈ ಹಾಕಿ ತೆಗೆದಳು. ಬೆರಳ ತುದಿಯಲ್ಲೆಲ್ಲ ನೀಲಿ ಚುಕ್ಕಿ.

ಶಿಕಾರಿಪುರದವ

ಅಕ್ಕಾ, ಆ ನೀಲಿ ಬೆಳಕನ್ನು ಇಷ್ಟು ದಿನ ಕಂಪ್ಯೂಟರಿನಲ್ಲಿ ಮಾಡಿದ್ದು ಅಂದುಕೊಂಡಿದ್ದೆ!

ಸಾಗರದ ಮೇಷ್ಟ್ರು

ಈ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಲ್ಲಿ ಸಿನಿಮಾಕ್ಕೆ ಕಥೆ ಬರೆದವರು ಯಾರು ಅಂತ ನೋಡಿ. 1954ರ 'ನೀಲಕ್ಕುಯಿಲ್' ಬರೆದದ್ದು ಉರೂಬ್, ದೊಡ್ಡ ಕಾದಂಬರಿಕಾರ. ನಿರ್ದೇಶಿಸಿದ್ದು ರಾಮು ಕಾರ್ಯಾಟ್ ಮತ್ತು ಕವಿ ಪಿ. ಭಾಸ್ಕರನ್. ಮೇಲ್ಜಾತಿಯ ಮೇಷ್ಟ್ರೊಬ್ಬ ದಲಿತ ಹೆಣ್ಣನ್ನು ಪ್ರೀತಿಸಿ ಕೈಬಿಡುವ ಕಥೆ. ಅದರ ಹಾಡುಗಳಿಗೆ ಕೆ. ರಾಘವನ್ ಹಳ್ಳಿಯ ಧಾಟಿ, ಮಲಬಾರಿನ ಮುಸ್ಲಿಮರ ಮಾಪ್ಪಿಳ್ಳೆ ಹಾಡಿನ ಧಾಟಿ ತಂದರು. ಅಲ್ಲಿಯವರೆಗೆ ಹೆಚ್ಚಿನ ಹಾಡು ಹಿಂದಿ, ತಮಿಳು ಸಿನಿಮಾದ ಮಟ್ಟುಗಳಲ್ಲೇ ಇರುತ್ತಿದ್ದವು. ಊರಿನ ದನಿ ತೆರೆಗೆ ಬಂದದ್ದು ಹಾಗೆ.

ಆಮೇಲೆ ತಕಳಿ ಅವರ ಕಾದಂಬರಿಯಿಂದ 1965ರಲ್ಲಿ 'ಚೆಮ್ಮೀನ್' ಬಂತು. ಎಂ.ಟಿ. ವಾಸುದೇವನ್ ನಾಯರ್ ಅಂತೂ 50ಕ್ಕೂ ಹೆಚ್ಚು ಚಿತ್ರಕಥೆ ಬರೆದರು. ಪದ್ಮರಾಜನ್ ಕಾದಂಬರಿಕಾರರಾಗಿದ್ದು ನಿರ್ದೇಶಕರಾದವರು. ಇವರೆಲ್ಲ ಪುಸ್ತಕ ಓದುವ ಜನರಿಗೆ ಬರೆದವರು. ಕೇರಳದಲ್ಲಿ ಹಳ್ಳಿಹಳ್ಳಿಗೂ ವಾಚನಾಲಯ ಇತ್ತು. ಪಿ.ಎನ್. ಪಣಿಕ್ಕರ್ ಅವರ ಗ್ರಂಥಶಾಲಾ ಸಂಘ 1945ರಲ್ಲೇ ಶುರುವಾದದ್ದು. ಬೀಡಿ ಕಟ್ಟುವ ಕಡೆ ಒಬ್ಬ ಪೇಪರ್ ಓದುವುದು, ಉಳಿದವರು ಕೇಳುತ್ತಾ ಬೀಡಿ ಸುತ್ತುವುದು ಮಲಬಾರಿನಲ್ಲಿ ರೂಢಿ. ಅಂಥ ಜನಕ್ಕೆ ಸುಳ್ಳು ಊರು ತೋರಿಸಿದರೆ ನಂಬುತ್ತಾರಾ?

ಇನ್ನು ಫಿಲ್ಮ್ ಸೊಸೈಟಿಗಳು. ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ಚಿತ್ರಲೇಖಾ ಶುರು ಮಾಡಿದರು. 1984ರಲ್ಲಿ ಜಾನ್ ಅಬ್ರಹಾಂ ಒಡೆಸ್ಸಾ ಎಂಬ ತಂಡ ಕಟ್ಟಿದರು. ಊರೂರಿಗೆ ಪ್ರೊಜೆಕ್ಟರ್ ಹೊತ್ತು ಸಿನಿಮಾ ತೋರಿಸಿ, ಜನರಿಂದಲೇ ಚಂದಾ ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ನಿರ್ಮಾಪಕನೇ ಇಲ್ಲ, ಜನರೇ ನಿರ್ಮಾಪಕರು.

ಗಾಂಧಿನಗರ ಮ್ಯಾಟಿನಿ

ಮೇಷ್ಟ್ರೇ, ಇದೆಲ್ಲ ನಮ್ಮಲ್ಲೂ ಇತ್ತಲ್ವಾ? 'ಸಂಸ್ಕಾರ' 1970. 'ಚೋಮನ ದುಡಿ' 1975. 'ಘಟಶ್ರಾದ್ಧ' 1977. ಮೂರಕ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ. ಮೂರೂ ನಮ್ಮ ಸಾಹಿತ್ಯದಿಂದಲೇ ಬಂದವು. ಆ ಹತ್ತು ವರ್ಷದಲ್ಲಿ ನಾವೇನು ಅವರಿಗಿಂತ ಕಮ್ಮಿ ಇರಲಿಲ್ಲ.

ಸಾಗರದ ಮೇಷ್ಟ್ರು

ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ. ನಾನೇ ಅದಕ್ಕೆ ಸಾಕ್ಷಿ. ನಮ್ಮ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್‌ನಿಂದ 70ರ ದಶಕದಲ್ಲೇ ಹಳ್ಳಿಯವರಿಗೆ ಜಗತ್ತಿನ ದೊಡ್ಡ ಸಿನಿಮಾ ತೋರಿಸಿದರು. ಅಡಿಕೆ ಸುಲಿದು ಕೈ ಕಪ್ಪಾದವರು ಬಂದು ಕೂತು ಬಂಗಾಳಿ, ಜಪಾನಿ ಸಿನಿಮಾ ನೋಡುತ್ತಿದ್ದರು. ನಾನು 'ಪಥೇರ್ ಪಾಂಚಾಲಿ' ನೋಡಿದ್ದು ಅಲ್ಲೇ. ಆ ಮುದುಕಿ ಸಾಯುವ ಹೊತ್ತಿಗೆ ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೇರಳದಲ್ಲಿ ಆದದ್ದು ಏನೆಂದರೆ, ಕಲಾತ್ಮಕ ಸಿನಿಮಾಕ್ಕೂ ಪೇಟೆಯ ಸಿನಿಮಾಕ್ಕೂ ನಡುವೆ ಒಂದು ದಾರಿ ತೆರೆಯಿತು. ಭರತನ್, ಪದ್ಮರಾಜನ್, ಕೆ.ಜಿ. ಜಾರ್ಜ್ 80ರ ದಶಕದಲ್ಲಿ ಆ ದಾರಿಯಲ್ಲಿ ನಡೆದರು. ಹಾಡಿತ್ತು, ದೊಡ್ಡ ನಟರಿದ್ದರು, ಊರೂ ನಿಜದ್ದಾಗಿತ್ತು. ನಮ್ಮಲ್ಲಿ ಪುಟ್ಟಣ್ಣ ಕಣಗಾಲ್ 1985ರಲ್ಲಿ ಹೋದ ಮೇಲೆ ಆ ನಡುದಾರಿ ಸವೆಯಿತು. ನನ್ನ ಮಟ್ಟಿಗೆ ವ್ಯತ್ಯಾಸ ಅಲ್ಲಿದೆ.

ಹಾಸನ್ ಹುಡುಗ 99

ಚೆಮ್ಮೀನ್ ಅಲ್ವಾ ಮೊದಲ ಮಲಯಾಳಂ ಸಿನಿಮಾ?

ಎರ್ನಾಕುಳಂ ಕನ್ನಡತಿ

ಅಲ್ಲಪ್ಪ. ರಾಷ್ಟ್ರಪತಿಗಳ ಚಿನ್ನದ ಪದಕ ಗೆದ್ದ ಮೊದಲ ದಕ್ಷಿಣದ ಸಿನಿಮಾ ಅದು. ಮೊದಲ ಟಾಕಿ 1938ರ 'ಬಾಲನ್', ಸೇಲಂನ ಮಾಡರ್ನ್ ಥಿಯೇಟರ್ಸ್‌ನವರದು. ಅದಕ್ಕೂ ಮುಂಚೆ ಜೆ.ಸಿ. ಡೇನಿಯಲ್ ಅವರ ಮೂಕಿ 'ವಿಗತಕುಮಾರನ್'. ಅದರ ನಾಯಕಿ ಪಿ.ಕೆ. ರೋಸಿ.

ಕೋಲಾರದ ನೀಲಿ

ರೋಸಿ ಹೆಸರು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ.

ರೋಸಿ ದಲಿತ ಹೆಣ್ಣು. ತೆರೆಯ ಮೇಲೆ ನಾಯರ್ ಹೆಂಗಸಿನ ಪಾತ್ರ ಮಾಡಿದಳು. ತಿರುವನಂತಪುರದಲ್ಲಿ ಸಿನಿಮಾ ತೋರಿಸಿದಾಗ ಮೇಲ್ಜಾತಿಯವರಿಗೆ ಅದನ್ನು ಸಹಿಸಲು ಆಗಲಿಲ್ಲ. ಗಲಾಟೆ ಮಾಡಿದರು. ಆಕೆ ಊರೇ ಬಿಟ್ಟು ಓಡಿ ತಮಿಳುನಾಡು ಸೇರಿ, ಹೆಸರಿಲ್ಲದೆ ಬದುಕಿ ಸತ್ತಳು. ಮಲಯಾಳಂ ಸಿನಿಮಾದ ಮೊದಲ ನಾಯಕಿಗೆ ತಾನು ನಟಿಸಿದ ಊರಿನಲ್ಲಿ ಜಾಗ ಇರಲಿಲ್ಲ.

ಹಾಗಾಗಿ 'ಊರು ಊರಿನ ಹಾಗೇ ಕಾಣುತ್ತದೆ' ಅಂದಾಗ ನನ್ನ ಪ್ರಶ್ನೆ ಇಷ್ಟೇ. ಯಾರ ಊರು? ಎಷ್ಟೋ ವರ್ಷ ಮಲಯಾಳಂ ಸಿನಿಮಾದ ಊರು ಅಂದರೆ ಮೇಲ್ಜಾತಿ ಕೂಡುಕುಟುಂಬದ ದೊಡ್ಡ ತರವಾಡು ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಕಸವು ಸೀರೆ ಉಟ್ಟ ಅಮ್ಮ, ಪಕ್ಕದಲ್ಲಿ ಹೊಳೆ. ಒಟ್ಟಪ್ಪಾಲಂ ಸುತ್ತಮುತ್ತಲ ವಳ್ಳುವನಾಡಿನ ಮಾತೇ ಶುದ್ಧ ಮಲಯಾಳಂ ಅಂತಾಯಿತು. ಅಲ್ಲಿನ ವರಿಕ್ಕಾಶ್ಶೇರಿ ಮನ ಎಂಬ ಹಳೇ ನಂಬೂದಿರಿ ಮನೆ ಎಷ್ಟು ಸಿನಿಮಾದಲ್ಲಿ ಬಂದಿದೆಯೋ ಲೆಕ್ಕವಿಲ್ಲ. 1993ರ 'ದೇವಾಸುರಂ' ಅಲ್ಲಿಯದೇ. ಮಲಪ್ಪುರಂನ ಮುಸ್ಲಿಂ, ಕಡಲ ಕರೆಯ ಮೀನುಗಾರ, ಕಾಲೊನಿಯ ದಲಿತ, ಇವರೆಲ್ಲ ನಗಿಸಲು ಅಥವಾ ಹೊಡೆಯಲು ಬರುವವರು. ಇದೂ ಸಂಸ್ಕೃತಿಯೇ, ಆದರೆ ಒಂದು ಮನೆಯ ಸಂಸ್ಕೃತಿ.

ಸಾಗರದ ಮೇಷ್ಟ್ರು

ನೀಲಿಯವರೇ, ನೀವು ಹೇಳಿದ್ದು ಸರಿ. ಆದರೆ ಎಂ.ಟಿ. ಅವರನ್ನು ಆ ಸಾಲಿಗೆ ಸೇರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. 1973ರ 'ನಿರ್ಮಾಲ್ಯಂ' ನೋಡಿ. ದೇವಿ ಮೈಮೇಲೆ ಬರುವ ವೆಳಿಚ್ಚಪ್ಪಾಡ್. ಗುಡಿಗೆ ಆದಾಯವಿಲ್ಲ, ಮನೆಯಲ್ಲಿ ಅಕ್ಕಿಯಿಲ್ಲ. ಸಂಸಾರ ಹೇಗೆ ನಡೆಯುತ್ತಿದೆ ಅಂತ ಗೊತ್ತಾದ ದಿನ, ಜಾತ್ರೆಯಲ್ಲಿ ಕತ್ತಿಯಿಂದ ಹಣೆ ಕಡಿದುಕೊಂಡು, ಬಾಯಿಗೆ ಇಳಿದ ರಕ್ತವನ್ನು ದೇವಿಯ ಮುಖಕ್ಕೇ ಉಗುಳಿ ಸಾಯುತ್ತಾನೆ. ಅದೇ ವಳ್ಳುವನಾಡು, ಅದೇ ಗುಡಿ. ಆದರೆ ಅಲ್ಲಿ ಹೊಗಳಿಕೆ ಇಲ್ಲ.

ಕೋಲಾರದ ನೀಲಿ

ಮೇಷ್ಟ್ರೇ, 'ನಿರ್ಮಾಲ್ಯಂ' ದೊಡ್ಡ ಸಿನಿಮಾ, ಎರಡು ಮಾತಿಲ್ಲ. ಆ ಪಾತ್ರ ಮಾಡಿದ ಪಿ.ಜೆ. ಆಂಟನಿ ಮುಖ ನನಗೂ ಮರೆಯಲಾಗಿಲ್ಲ. ಆದರೆ ಬಡವನಾದ ವೆಳಿಚ್ಚಪ್ಪಾಡ್‌ನ ಕಥೆ 1973ರಲ್ಲೇ ಬಂತು. ಕೊಚ್ಚಿ ನಗರ ಬೆಳೆಯುತ್ತಾ ಬೆಳೆಯುತ್ತಾ ದಲಿತರ ಗದ್ದೆ ನುಂಗಿದ ಕಥೆ ದೊಡ್ಡ ತೆರೆಗೆ ಅಷ್ಟು ಬಲವಾಗಿ ಬರಲು 2016ರ 'ಕಮ್ಮಟ್ಟಿಪ್ಪಾಡಂ' ತನಕ ಕಾಯಬೇಕಾಯಿತು. ಅದನ್ನೇ ಹೇಳುತ್ತಿರುವುದು. ಈಗ ಚೆನ್ನಾಗಿರುವುದಕ್ಕೆ ಕಾರಣ ಊರುಗಳು ಜಾಸ್ತಿಯಾದವು. ಚೆಲ್ಲಾನಂನ ಲ್ಯಾಟಿನ್ ಕ್ರೈಸ್ತರ ಸಾವಿನ ಮನೆ 'ಈ.ಮ.ಯೌ'ನಲ್ಲಿ ಬಂತು. ಮಲಪ್ಪುರಂನ ಸೆವೆನ್ಸ್ ಫುಟ್‌ಬಾಲ್ 'ಸುಡಾನಿ ಫ್ರಮ್ ನೈಜೀರಿಯಾ'ದಲ್ಲಿ ಬಂತು. ಎರಡೂ 2018.

ಮಂಜೇರಿ ಬೇಕರಿ

ಸುಡಾನಿ ಬಗ್ಗೆ ನಾನು ಹೇಳಲೇಬೇಕು. ನಮ್ಮ ಅಪ್ಪ ಮಲಪ್ಪುರಂನವರು, ಅಮ್ಮ ಚಾಮರಾಜನಗರದವರು. ಬೇಸಿಗೆ ರಜೆಗೆ ಹೋದಾಗ ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಬಿದಿರು, ಅಡಿಕೆ ದಬ್ಬೆಯ ಗ್ಯಾಲರಿ ಕಟ್ಟಿ ರಾತ್ರಿ ದೀಪ ಹಾಕಿ ಪಂದ್ಯ ಆಡಿಸುತ್ತಿದ್ದರು. ಒಂದು ಕಡೆಗೆ ಏಳೇ ಜನ. ಆಫ್ರಿಕಾದಿಂದ ಬಂದ ಆಟಗಾರರಿಗೆ ಮಕ್ಕಳೆಲ್ಲ ಮುತ್ತಿಕೊಳ್ಳುತ್ತಿದ್ದೆವು. ಯಾವ ದೇಶದವರಾದರೂ ಊರವರ ಬಾಯಲ್ಲಿ ಅವರು 'ಸುಡಾನಿ'.

ಆ ಸಿನಿಮಾದಲ್ಲಿ ಇಬ್ಬರು ಉಮ್ಮಂದಿರು, ಅಂದರೆ ತಾಯಂದಿರು, ಇದ್ದಾರೆ. ಕಾಲು ಮುರಿದುಕೊಂಡು ಮನೆಗೆ ಬಂದ ನೈಜೀರಿಯಾದ ಹುಡುಗನನ್ನು ಭಾಷೆ ಬಾರದೆಯೇ ಸಾಕುತ್ತಾರೆ. ನನ್ನ ಅಜ್ಜಿ ಹೀಗೇ ಇದ್ದರು. ತಲೆಮೇಲೆ ತಟ್ಟಂ (ಮುಸುಕಿನ ಬಟ್ಟೆ) ಹಾಕಿಕೊಂಡು, ಬಂದವರಿಗೆಲ್ಲ ಮೊದಲು ಚಾ. ಅದಕ್ಕಿಂತ ಮುಂಚೆ ಸಿನಿಮಾದಲ್ಲಿ ನನ್ನ ಅಜ್ಜಿಯಂಥವರನ್ನು ನಾನು ನೋಡಿರಲಿಲ್ಲ. ಥಿಯೇಟರಿನಲ್ಲಿ ಅತ್ತುಬಿಟ್ಟೆ.

ಹಾಸನ್ ಹುಡುಗ 99

ನಾನು ಆಪ್ತಮಿತ್ರ ಎಷ್ಟು ಸಲ ನೋಡಿದ್ದೀನೋ. ಮೂಲ ಮಲಯಾಳಂ ಅಂತ ಕಾಲೇಜಿಗೆ ಬಂದ ಮೇಲೆ ಗೊತ್ತಾಯ್ತು. ಯಾವುದು ಚೆನ್ನಾಗಿದೆ?

ಗಾಂಧಿನಗರ ಮ್ಯಾಟಿನಿ

ಆಪ್ತಮಿತ್ರ. ವಿಷ್ಣು ದಾದಾ, ಸೌಂದರ್ಯ. ಮಾತೇ ಇಲ್ಲ. ಸಂತೋಷ್ ಥಿಯೇಟರಿನಲ್ಲಿ ವಾರಕ್ಕೊಂದು ಸಲ ಹೋಗುತ್ತಿದ್ದೆ.

ಎರ್ನಾಕುಳಂ ಕನ್ನಡತಿ

ಅಣ್ಣಾ, ಸೌಂದರ್ಯ ನನಗೂ ಪ್ರಾಣ. ಆದರೆ ಅದರ ಮೂಲ 'ಮಣಿಚಿತ್ರತಾಳ್'ನಲ್ಲಿ ಶೋಭನಾ ಅವರನ್ನು ನೋಡಿ. 1993ರದು. ಕಥೆ ಹುಟ್ಟಿದ ಜಾಗವೇ ಬೇರೆ. ಹರಿಪಾಡ್ ಹತ್ತಿರದ ಮುಟ್ಟಂ ಎಂಬಲ್ಲಿ ಆಲುಂಮೂಟ್ಟಿಲ್ ಅಂತ ಹಳೇ ಮನೆ ಇದೆ. ಅಲ್ಲಿ ನಡೆದ ಕೊಲೆಯ ನೆನಪಿನಿಂದ ಮಧು ಮುಟ್ಟಂ ಅವರು ಬರೆದ ಕಥೆ ಅದು.

ಒಂದು ವಿಷಯ ಗಮನಿಸಿದ್ದೀರಾ? ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದ ನರ್ತಕಿ, ತಮಿಳು ಮಾತಾಡುತ್ತಾಳೆ. ಕನ್ನಡಕ್ಕೆ ಬಂದಾಗ ನಾಗವಲ್ಲಿ ತೆಲುಗಿನವಳಾದಳು, 'ರಾ ರಾ' ಅಂತ ತೆಲುಗಿನಲ್ಲಿ ಹಾಡಿದಳು.

ಸಾಗರದ ಮೇಷ್ಟ್ರು

ಇದು ಒಳ್ಳೆಯ ಮಾತು. ತಿರುವಾಂಕೂರಿನ ಅರಮನೆಗೂ ತಮಿಳಿಗೂ ಅಷ್ಟು ಹತ್ತಿರದ ನಂಟು. ಆ ಸಿನಿಮಾದ ಕೆಲವು ಭಾಗ ತೆಗೆದದ್ದು ಪದ್ಮನಾಭಪುರಂ ಅರಮನೆಯಲ್ಲಿ. ತಿರುವಾಂಕೂರು ರಾಜರ ಅರಮನೆ, ಆದರೆ ಇವತ್ತು ಅದು ಇರುವುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಆ ತಾಲ್ಲೂಕುಗಳು ಅತ್ತ ಹೋದವು. ಅರಮನೆ ನೋಡಿಕೊಳ್ಳುವುದು ಮಾತ್ರ ಇಂದಿಗೂ ಕೇರಳ ಸರ್ಕಾರ. ನಾಗವಲ್ಲಿ ತಮಿಳು ಮಾತಾಡಿದರೆ ಅಲ್ಲಿಯವರಿಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ. ಕರ್ನಾಟಕದಲ್ಲಿ ಅದೇ ಕೆಲಸಕ್ಕೆ ತೆಲುಗು ಹೊಂದಿತು. ನಮ್ಮ ಸಂಗೀತ ಕಛೇರಿಯಲ್ಲಿ ಅರ್ಧಕ್ಕರ್ಧ ತೆಲುಗು ಕೃತಿಗಳೇ ಅಲ್ವಾ? ಆಪ್ತಮಿತ್ರದ ನಿರ್ದೇಶಕ ಪಿ. ವಾಸು ಅದನ್ನು ಸರಿಯಾಗಿ ಹಿಡಿದರು ಅಂತ ನನಗನ್ನಿಸುತ್ತದೆ.

'ದೃಶ್ಯ'ದಲ್ಲೂ ಹಾಗೇ. ಮೂಲದಲ್ಲಿ ಜಾರ್ಜುಕುಟ್ಟಿ. ನಮ್ಮಲ್ಲಿ ರಾಜೇಂದ್ರ ಪೊನ್ನಪ್ಪ. ಬೆಟ್ಟದ ಕಡೆಯವನು ಅನ್ನುವುದು ಹೆಸರಿನಲ್ಲೇ ಬಂತು.

ಬದಿಯಡ್ಕ ಬಸ್‌ಸ್ಟ್ಯಾಂಡ್

1956 ಅಂದಿರಲ್ಲ ಮೇಷ್ಟ್ರೇ, ಅದೇ ದಿನ ನಾವು ಇತ್ತ ಬಂದೆವು. ನಮ್ಮ ಕಾಸರಗೋಡು ಅಲ್ಲಿಯ ತನಕ ದಕ್ಷಿಣ ಕನ್ನಡದ್ದು. ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಈಗ ನಾನೂ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು ಮಾರಾಯ್ರೇ.

ನಾನು ಕನ್ನಡ ಮೀಡಿಯಂನಲ್ಲಿ ಓದಿದವ. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರ ಜೊತೆ ತುಳು, ಪೇಟೆಯಲ್ಲಿ ಮಲಯಾಳಂ, ಮೀನು ಮಾರುಕಟ್ಟೆ ಹತ್ತಿರ ಬ್ಯಾರಿ. ಒಂದೇ ದಿನದಲ್ಲಿ ನಾಲ್ಕೂ ಉಂಟು. ಬಸ್ಸಿನ ಬೋರ್ಡಿನಲ್ಲಿ ಕನ್ನಡವೂ ಉಂಟು.

ಮೊದಲೆಲ್ಲ ಮಲಯಾಳಂ ಸಿನಿಮಾದಲ್ಲಿ ಕಾಸರಗೋಡು ಅಂದರೆ ಶಿಕ್ಷೆಗೆ ವರ್ಗ ಮಾಡುವ ಊರು. "ಕಾಸರಗೋಡಿಗೆ ಹಾಕಿಸ್ತೇನೆ" ಅಂತ ಮೇಲಧಿಕಾರಿ ಹೆದರಿಸುವುದು. ತಿರುವನಂತಪುರದಿಂದ ಸುಮಾರು 600 ಕಿಲೋಮೀಟರ್ ದೂರ ಅಲ್ವಾ? ಅವರಿಗೆ ನಮ್ಮೂರು ನಕ್ಷೆಯ ಕೊನೆ. ಹಾಗಾಗಿ 2017ರಲ್ಲಿ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಬಂದಾಗ ನಾವು ಗೆಳೆಯರು ಮೊದಲ ದಿನವೇ ಹೋದೆವು. ತೆಂಕಣದಿಂದ ಓಡಿಬಂದು ಮದುವೆಯಾದ ಜೋಡಿ ನಮ್ಮ ಕಡೆ ಜಾಗ ತೆಗೆದುಕೊಂಡು ಕೃಷಿ ಮಾಡುತ್ತಾರೆ. ನೀರಿಲ್ಲ. ಬೋರ್ ಕೊರೆಸಲು ಸರ ಅಡವಿಡಬೇಕು ಅಂತ ಹೊರಟರೆ ಬಸ್ಸಿನಲ್ಲಿ ಕಳ್ಳ ಆ ಸರ ನುಂಗುತ್ತಾನೆ. ಪೊಲೀಸರ ಪಾತ್ರಕ್ಕೆ ನಿಜವಾದ ಪೊಲೀಸರನ್ನೇ ಹಾಕಿದ್ದರು. ಆ ಬೋಳು ಗುಡ್ಡೆ, ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಬಿಸಿಲು ನೋಡಿ ನಮಗೆಲ್ಲ ಮೈ ಜುಂ ಅಂದಿತು. ಕೇರಳ ಅಂದರೆ ಬರೀ ಹಿನ್ನೀರು, ದೋಣಿ ಅಂತ ತೋರಿಸುವವರು ಕೊನೆಗೂ ಮುರಕಲ್ಲು ತೋರಿಸಿದರು.

ಆಮೇಲೆ 2022ರಲ್ಲಿ 'ನ್ನಾ ತಾನ್ ಕೇಸ್ ಕೊಡ್' ಬಂತು. ಚೀಮೇನಿ ಕಡೆಯದು. ನಾಯಿ ಕಚ್ಚಿದ ಕಳ್ಳ ರಸ್ತೆ ಗುಂಡಿಯೇ ಕಾರಣ ಅಂತ ಮಂತ್ರಿ ಮೇಲೆ ಕೇಸು ಹಾಕುವ ಕಥೆ. ಊರವರೇ ನಟರು. ನ್ಯಾಯಾಧೀಶರ ಪಾತ್ರ ಮಾಡಿದ್ದು ನಿವೃತ್ತ ಶಾಲಾ ಮೇಷ್ಟ್ರು.

ಇಷ್ಟೆಲ್ಲ ಸಂತೋಷ ಆದರೂ ಒಂದು ನೋವು ಉಂಟು. ಇಂಥ ಸಿನಿಮಾಗಳಲ್ಲಿ ಹೆಚ್ಚಾಗಿ ಬರುವುದು ಚಂದ್ರಗಿರಿ ಹೊಳೆಯ ಆ ಬದಿಯ ಕಾಸರಗೋಡು. ಕಾಞಂಗಾಡು, ಚೆರುವತ್ತೂರು, ನೀಲೇಶ್ವರ. ಅದೂ ನಮ್ಮದೇ ಜಿಲ್ಲೆ, ಸಂತೋಷ. ಆದರೆ ಹೊಳೆಯ ಈ ಬದಿ, ಕುಂಬಳೆ, ಮಂಜೇಶ್ವರ, ಬದಿಯಡ್ಕ? ಕನ್ನಡದಲ್ಲಿ ಜಗಳ ಶುರುಮಾಡಿ ತುಳುವಿನಲ್ಲಿ ಬೈದು ಮಲಯಾಳಂನಲ್ಲಿ ರಾಜಿ ಮಾಡಿಕೊಳ್ಳುವ ನಮ್ಮಂಥವರು ಆ ತೆರೆಯಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ನಮ್ಮ ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರು ಬಂದ ಕಥೆ ಹೇಳಿದ್ದು ಕನ್ನಡದ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು', 2018ರಲ್ಲಿ.

ಕೋಲಾರದ ನೀಲಿ

ಬದಿಯಡ್ಕದವರೇ, ನಾನು ಹೇಳಲು ಹೊರಟದ್ದನ್ನು ನೀವು ನಿಮ್ಮ ಊರು ಇಟ್ಟುಕೊಂಡು ಹೇಳಿಬಿಟ್ಟಿರಿ.

ಗಾಂಧಿನಗರ ಮ್ಯಾಟಿನಿ

ಬೆಂಗಳೂರಿನ ವಿಷಯ ಬಂದಾಗ ಆ ನಿಖರತೆ ಎಲ್ಲಿ ಹೋಗುತ್ತದೆ ಅಂತ ನಾನೂ ಕೇಳುತ್ತೇನೆ. ಪ್ರಕಾಶ್ ಪೇಟೆಯನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ತೋರಿಸುವವರು, ನಮ್ಮ ಊರಿಗೆ ಬಂದರೆ ಬರೀ ಪಬ್ಬು, ಡ್ರಗ್ಸು. 2025ರ 'ಲೋಕಾ'ದಲ್ಲಿ ಕೇರಳದ ಜನಪದ ಕಥೆಯ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯನ್ನು ಬೆಂಗಳೂರಿಗೆ ತಂದರು. ಐಡಿಯಾ ಸೊಗಸು. ಆದರೆ ಬೆಂಗಳೂರಿನ ಹುಡುಗಿಯರ ಬಗ್ಗೆ ಒಂದು ಮಾತು ಬಂತಲ್ಲ, ತುಂಬಾ ಬೇಜಾರಾಯಿತು. ನನ್ನ ತಂಗಿ ಇಲ್ಲೇ ಹುಟ್ಟಿ ಬೆಳೆದವಳು.

ಎರ್ನಾಕುಳಂ ಕನ್ನಡತಿ

ನನಗೂ ಬೇಜಾರಾಯಿತು ಅಣ್ಣ. ನಿರ್ಮಾಪಕರು ಕ್ಷಮೆ ಕೇಳಿದರು, ಆ ಮಾತು ತೆಗೆಯುತ್ತೇವೆ ಅಂದರು. ಆದರೆ ಬರೆಯುವಾಗಲೇ ಯಾರಿಗೂ ಹೊಳೆಯಲಿಲ್ಲವಲ್ಲ, ಅದೇ ಯೋಚಿಸಬೇಕಾದ್ದು. ಬೇರೆ ಊರಿಗೆ ಹೋದವರ ಕಣ್ಣಿಗೆ ಆ ಊರು ಹಾಸ್ಟೆಲು, ಆಫೀಸು, ಪಾರ್ಟಿ ಇಷ್ಟೇ ಆಗಿಬಿಡುತ್ತದೆ. 'ಆವೇಶಂ' ಸ್ವಲ್ಪ ಪರವಾಗಿಲ್ಲ. ಅದರಲ್ಲಿ ಬೆಂಗಳೂರಿನ ರೌಡಿ ರಂಗನ ಬಾಯಲ್ಲಿ ಕನ್ನಡ, ಮಲಯಾಳಂ ಎರಡೂ ಬೆರೆತು ಬರುತ್ತವೆ. ಅಂಥವರನ್ನು ನಾನು ಕೆ.ಆರ್. ಮಾರುಕಟ್ಟೆಯಲ್ಲಿ ಕೇಳಿದ್ದೇನೆ.

ಉಡುಪಿ ಕಮಲಕ್ಕ

ಊರು, ಜಿಲ್ಲೆ, ಭಾಷೆ ಎಲ್ಲ ಆಯಿತು. ಅಡಿಗೆಮನೆ ಯಾರೂ ಹೇಳಲಿಲ್ಲ.

2021ರ 'ದಿ ಗ್ರೇಟ್ ಇಂಡಿಯನ್ ಕಿಚನ್'. ಮಾವನಿಗೆ ಅನ್ನ ಸೌದೆ ಒಲೆಯಲ್ಲೇ ಆಗಬೇಕು, ಕುಕ್ಕರಿನದು ಸೇರುವುದಿಲ್ಲ. ಚಟ್ನಿ ಕಲ್ಲಿನಲ್ಲೇ ಅರೆಯಬೇಕು. ಬಟ್ಟೆ ಮೆಷಿನ್ನಿಗೆ ಹಾಕಬಾರದು. ಹಲ್ಲುಜ್ಜುವ ಬ್ರಷ್ಷನ್ನೂ ಕೈಗೆ ತಂದುಕೊಡಬೇಕು. ಉಂಡವರು ಮೇಜಿನ ಮೇಲೆ ನುಗ್ಗೆ ಸಿಪ್ಪೆ ಬಿಟ್ಟು ಏಳುತ್ತಾರೆ. ಸಿಂಕಿನ ಪೈಪು ಸೋರುತ್ತದೆ, ರಿಪೇರಿಗೆ ಹೇಳಿ ಹೇಳಿ ಸಾಕಾಗುತ್ತದೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ಅದನ್ನು ಸೊಸೆ ಜೊತೆ ಕೂತು ನೋಡಿದೆ. ಆ ಸೋರುವ ನೀರಿಗೆ ಕೆಳಗೆ ಬಕೆಟ್ ಇಡುವ ದೃಶ್ಯ ಬಂದಾಗ ನನಗೆ ಉಸಿರು ಕಟ್ಟಿತು. ನಮ್ಮ ಮನೆಯ ಸಿಂಕು 3 ವರ್ಷ ಹಾಗೇ ಸೋರಿತ್ತು. ನಾನೂ ಬಕೆಟ್ ಇಟ್ಟಿದ್ದೆ. ಸೊಸೆ ಬಂದ ಮೇಲೂ ಇಟ್ಟಿದ್ದೆ. ಸಿನಿಮಾ ಮುಗಿದ ಮೇಲೆ ಅವಳು ಏನೂ ಮಾತಾಡಲಿಲ್ಲ. ಮಾರನೆ ದಿನ ನಾನೇ ಪ್ಲಂಬರಿಗೆ ಫೋನ್ ಮಾಡಿದೆ.

ಸಂಸ್ಕೃತಿ ಸಂಸ್ಕೃತಿ ಅಂತ ಹೊಗಳುವಾಗ ಅದನ್ನು ದಿನಾ ತೊಳೆದು ಒರೆಸಿ ಇಡುವವರು ಯಾರು ಅಂತ ಆ ಸಿನಿಮಾ ಕೇಳಿತು. ಅದಕ್ಕೇ ನನಗೆ ಮಲಯಾಳಂ ಸಿನಿಮಾ ಇಷ್ಟ.

ಮಂಜೇರಿ ಬೇಕರಿ

ಕಮಲಕ್ಕಾ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ.

ಕೋಲಾರದ ನೀಲಿ

ಕಮಲಕ್ಕ, ಅಂಥ ಸಿನಿಮಾ ಮಾಡುವ ಉದ್ಯಮದ ಒಳಗೇ ಹೆಣ್ಣುಮಕ್ಕಳ ಪಾಡು ಏನು ಅಂತ ಹೇಮಾ ಸಮಿತಿ ವರದಿ ಹೇಳಿತು. 2017ರಲ್ಲಿ ಸಮಿತಿ ಮಾಡಿದರು, 2019ರ ಕೊನೆಗೆ ವರದಿ ಕೊಟ್ಟರು, ಹೊರಗೆ ಬಂದದ್ದು 2024ರ ಆಗಸ್ಟಿನಲ್ಲಿ. ನಾಲ್ಕೂವರೆ ವರ್ಷ ಕಪಾಟಿನಲ್ಲಿತ್ತು. ಆದರೆ ಇದನ್ನೂ ಹೇಳಬೇಕು. ಸಮಿತಿ ಬೇಕು ಅಂತ ಹಟ ಹಿಡಿದವರೂ ಅಲ್ಲಿಯ ನಟಿಯರೇ. ಡಬ್ಲ್ಯುಸಿಸಿ (ವಿಮೆನ್ ಇನ್ ಸಿನಿಮಾ ಕಲೆಕ್ಟಿವ್) ಅಂತ ಸಂಘ ಕಟ್ಟಿ, ಅವಕಾಶ ತಪ್ಪಿದರೂ ಬಿಡಲಿಲ್ಲ.

ಸಾಗರದ ಮೇಷ್ಟ್ರು

ಕರಾವಳಿಯವರು ಇದ್ದೀರಿ, ಒಂದು ಕೇಳಬೇಕಿತ್ತು. 1997ರ 'ಕಳಿಯಾಟ್ಟಂ' ನೋಡಿದ್ದೀರಾ? ಷೇಕ್ಸ್‌ಪಿಯರನ 'ಒಥೆಲೊ' ನಾಟಕವನ್ನು ನಿರ್ದೇಶಕ ಜಯರಾಜ್ ತೆಯ್ಯಂ, ಅಂದರೆ ಉತ್ತರ ಕೇರಳದ ದೈವದ ವೇಷ, ಕಟ್ಟುವವನ ಕಥೆ ಮಾಡಿದರು. ನಮ್ಮ 'ಕಾಂತಾರ'ದ ಕೋಲ ನೋಡಿದಾಗಿನಿಂದ ಎರಡನ್ನೂ ಜೊತೆಗಿಟ್ಟು ಯೋಚಿಸುತ್ತಿದ್ದೇನೆ.

ಬದಿಯಡ್ಕ ಬಸ್‌ಸ್ಟ್ಯಾಂಡ್

ನೋಡಿದ್ದೇನೆ ಮೇಷ್ಟ್ರೇ. ನಮ್ಮಲ್ಲಿ ಎರಡೂ ಉಂಟು. ಹೊಳೆಯ ಆಚೆ ತೆಯ್ಯಂ, ಈಚೆ ಕೋಲ. ನಡುವಿನ ಊರಿನಲ್ಲಿ ಎರಡೂ ನಡೆಯುತ್ತದೆ. ತೆಯ್ಯಂ ಕಟ್ಟುವವರು ವಣ್ಣಾನ್, ಮಲಯನ್, ವೇಲನ್ ಸಮುದಾಯದವರು. ವರ್ಷವಿಡೀ ಅಂಗಳದ ಆಚೆ ನಿಲ್ಲಿಸಿದವನ ಕಾಲಿಗೆ ಆ ಒಂದು ರಾತ್ರಿ ಊರ ಯಜಮಾನ ಬೀಳಬೇಕು. 'ಕಳಿಯಾಟ್ಟಂ' ಅದನ್ನು ಹಿಡಿಯಿತು. ಒಥೆಲೊನ ಕರಿಯ ಬಣ್ಣದ ಜಾಗದಲ್ಲಿ ಕೆಳಜಾತಿ ಬಂದು ನಿಂತಿತು. ಸುರೇಶ್ ಗೋಪಿಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೇ. 'ಕಾಂತಾರ'ದಲ್ಲಿ ದೈವ ಜಮೀನು ಕೇಳುತ್ತದೆ. ಎರಡೂ ಬೇರೆ ದಾರಿ, ಬೆಳಗಾಗುವ ಹೊತ್ತಿನ ಚೆಂಡೆ, ಸೂಟೆಯ ಹೊಗೆ ಒಂದೇ.

ಹಾಸನ್ ಹುಡುಗ 99

ಯಾವುದರಿಂದ ಶುರು ಮಾಡಲಿ? ಒಂದೇ ಹೇಳಿ, ಲಿಸ್ಟ್ ಬೇಡ.

ಉಡುಪಿ ಕಮಲಕ್ಕ

ಸುಡಾನಿ ನೋಡು ಮಗ. ಮನೆಯವರ ಜೊತೆ ಕೂತು ನೋಡು.

ಬದಿಯಡ್ಕ ಬಸ್‌ಸ್ಟ್ಯಾಂಡ್

ನಾನು 'ತಿಂಗಳಾಳ್ಚ ನಿಶ್ಚಯಂ' ಅಂತೇನೆ. 2021ರದು. ಸೋಮವಾರದ ನಿಶ್ಚಿತಾರ್ಥ ಅಂತ ಅರ್ಥ. ಕಾಞಂಗಾಡಿನ ಒಂದು ಮನೆ, ಅದರ ಅಂಗಳ, ಅಷ್ಟೇ ಸಿನಿಮಾ. ಕುವೈತಿನಿಂದ ವಾಪಸು ಬಂದ ಅಪ್ಪ ಮಗಳಿಗೆ ಇಷ್ಟವಿಲ್ಲದ ಸಂಬಂಧ ನಿಶ್ಚಯ ಮಾಡುತ್ತಾನೆ. ನಿರ್ದೇಶಕರು ಸೆನ್ನಾ ಹೆಗ್ಡೆ, ಕಾಞಂಗಾಡಿನವರೇ. 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದ್ದೂ ಅವರೇ.

ಶಿಕಾರಿಪುರದವ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನೀಲಿಯವರ ಪ್ರಶ್ನೆ ಓದಿದ ಮೇಲೆ ನನ್ನ ಪ್ರಶ್ನೆಯನ್ನೇ ಬೇರೆ ಥರ ಕೇಳಬೇಕಿತ್ತು ಅನ್ನಿಸಿತು.

ಬದಿಯಡ್ಕದವರು ಹೇಳಿದ 'ತಿಂಗಳಾಳ್ಚ ನಿಶ್ಚಯಂ' ನಿನ್ನೆ ರಾತ್ರಿ ನೋಡಿದೆ. ನಮ್ಮ ಕೆಳಗಿನ ಮನೆಯಲ್ಲಿ ಕಾಞಂಗಾಡಿನ ಒಬ್ಬ ಹುಡುಗ ಬಾಡಿಗೆಗೆ ಇದ್ದಾನೆ. ಅವನನ್ನೂ ಕರೆದಿದ್ದೆ. ಹತ್ತು ನಿಮಿಷಕ್ಕೊಮ್ಮೆ ಅವನೇ ಸಿನಿಮಾ ನಿಲ್ಲಿಸಿ, ಇದು ನಮ್ಮ ಚಿಕ್ಕಪ್ಪ, ಇದು ನಮ್ಮ ಪಕ್ಕದ ಮನೆಯವರು ಅಂತ ಹೇಳುತ್ತಿದ್ದ. ಚಪ್ಪರ ಹಾಕುವ ದೃಶ್ಯ ನೋಡಿ ಎದ್ದೇ ನಿಂತ. ಅವನ ತಂಗಿಯ ಮದುವೆಗೆ ಇವನಿಗೆ ರಜೆ ಸಿಕ್ಕಿರಲಿಲ್ಲವಂತೆ.

ಒಂದು ಅನುಮಾನ ಮಾತ್ರ ಉಳಿಯಿತು. ಸಬ್‌ಟೈಟಲ್ ನೋಡುವ ಮುಂಚೆಯೇ ನನಗೆ ಕೆಲವು ಮಾತು ಅರ್ಥವಾಗುತ್ತಿತ್ತು. ಇಡುಕ್ಕಿ, ಕೊಚ್ಚಿ ಸಿನಿಮಾದಲ್ಲಿ ಹಾಗೆ ಆಗಿರಲಿಲ್ಲ. ಆ ಹುಡುಗನನ್ನು ಕೇಳಿದರೆ ನಮ್ಮ ಕಡೆಯ ಮಾತೇ ಹಾಗೆ ಅಂದ. ನಿಜವಾ?

ಬದಿಯಡ್ಕ ಬಸ್‌ಸ್ಟ್ಯಾಂಡ್

ನಿಜ ಮಾರಾಯ್ರೇ. ತೆಂಕಣದವರು ನೀರಿಗೆ ವೆಳ್ಳಂ ಅಂತಾರೆ, ನಮ್ಮ ಕಡೆ ಬೆಳ್ಳಂ. ಅವರ ವಕಾರ ನಮ್ಮಲ್ಲಿ ಬಕಾರ ಆಗುತ್ತದೆ. ಅವರು ಮನೆಗೆ ಬಂದವರನ್ನು 'ವಾ' ಅಂತ ಕರೆಯುತ್ತಾರೆ. ನಾವು ಮಲಯಾಳಂ ಮಾತಾಡುವಾಗಲೂ 'ಬಾ' ಅಂತಲೇ ಕರೆಯುವುದು.